ತೋಟದ ಎ.ಟಿ.ವಿ.ಯ ಹಿಂದಿನ ಷಾಕ್ : ದೋಷ ಪತ್ತೆ ಮತ್ತು ದುರಸ್ತಿ



ನಮ್ಮ ಸಂಘದ ನಾಲ್ಕು ಚಕ್ರದ ತೋಟದ ಬೈಕು, ಎಂದರೆ ಎ.ಟಿ.ವಿ., ಹತ್ತು ತಿಂಗಳು ಗೋದಾಮಿನ ಮೂಲೆಯಲ್ಲಿ ನಿಂತಿದ್ದು ಈಗ ಪುನಃ ಬಾಡಿಗೆಗೆ ಸಿದ್ಧವಾಗಿದೆ. ಎರಡನೆಯ ಬೋರ್ಡೋ ಸಿಂಪಡಣೆಯ ಕಾಲಕ್ಕೆ ಔಷಧಿ ಸಾಗಿಸಲು ಬೇಕೆಂದು ಆಗಲೇ ಒಂಬತ್ತು ಮಂದಿ ಹೆಸರು ಬರೆಸಿದ್ದಾರೆ. ಗಾಡಿ ಕೈಗೆ ಕೊಡುವ ಮುನ್ನ ಅದರ ಹಿಂದಿನ ಷಾಕ್ ಅಬ್ಸಾರ್ಬರುಗಳ ವಿಚಾರವಾಗಿ ಬರೆಯುವುದು ಅವಶ್ಯವೆಂದು ತೋರಿತು. ಸ್ವಂತ ಎ.ಟಿ.ವಿ. ಇಟ್ಟುಕೊಂಡವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಆದರೆ ಇಲ್ಲಿ ಹೇಳುವುದರಲ್ಲಿ ಬಹುಭಾಗ ಬೈಕಿಗೂ ಜೀಪಿಗೂ ಅನ್ವಯಿಸುತ್ತದೆ.

ಮೊದಲಿಗೆ ಒಂದು ತಿದ್ದುಪಡಿ. ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರ ತೋಟದಲ್ಲಿ ಹಳ್ಳಕ್ಕೆ ಇಳಿಯುವ ಜಾಗದಲ್ಲಿ ಈ ಗಾಡಿ ಮಗುಚಿ, ನಡೆಸುತ್ತಿದ್ದ ಯುವಕನ ಹೆಗಲ ಮೂಳೆ ಮುರಿಯಿತು. ಕೊನೆಗೌಡರ ಮಗ, ಅಪ್ಪನಿಗೆ ಔಷಧಿ ತಂದುಕೊಡುವ ಕೆಲಸ ಅವನದು. ಆ ಅಪಘಾತದ ವರದಿ ಬರೆದವನು ನಾನೇ. 'ಅತಿ ವೇಗವೇ ಕಾರಣ' ಎಂದು ಬರೆದೆ. ಅದನ್ನು ಆಧಾರವಾಗಿಟ್ಟುಕೊಂಡು ಆಡಳಿತ ಮಂಡಳಿಯು ಆಸ್ಪತ್ರೆಯ ಖರ್ಚಿನಲ್ಲಿ ಅರ್ಧವನ್ನು ಮಾತ್ರ ಮಂಜೂರು ಮಾಡಿತು. ಆ ಹುಡುಗ ಕೈಗೆ ಜೋಳಿಗೆ ಕಟ್ಟಿಕೊಂಡು ಕಚೇರಿಗೆ ಬಂದು, "ಅಯ್ಯಾ, ಲೋ ಗೇರಲ್ಲೇ ಇಳಿಸ್ತಿದ್ದೆ. ಹಿಂದಿನ ಚಕ್ರ ನೆಲಾನೇ ಕಚ್ಲಿಲ್ಲ" ಎಂದಿದ್ದ. ತಪ್ಪು ಮುಚ್ಚಿಕೊಳ್ಳಲು ಹೇಳುತ್ತಿದ್ದಾನೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಷಾಕುಗಳನ್ನು ಬಿಚ್ಚಿ ನೋಡಿದ ಮೇಲೆ ಹೇಳುತ್ತೇನೆ: ಅವನು ಹೇಳಿದ್ದು ಅಕ್ಷರಶಃ ನಿಜ. ಇಡೀ ವರದಿಯಲ್ಲಿ ದೋಷವನ್ನು ಸರಿಯಾಗಿ ಗುರುತಿಸಿದ್ದ ಒಂದೇ ಮಾತು ಅದಾಗಿತ್ತು, ಅದನ್ನೇ ನಾನು ಬಿಟ್ಟಿದ್ದೆ.

ಷಾಕಿನಲ್ಲಿ ಎರಡು ಬೇರೆ ಬೇರೆ ಅಂಗಗಳಿವೆ, ಹೊರಗಿನ ಸ್ಪ್ರಿಂಗು ಮತ್ತು ಅದರ ನಡುವಿನ ಎಣ್ಣೆಯ ಕೊಳವೆ. ನಾವು ಎರಡನ್ನೂ ಸೇರಿಸಿ ಷಾಕ್ ಎನ್ನುತ್ತೇವೆ. ತೊಂದರೆ ಹುಟ್ಟುವುದು ಅಲ್ಲಿಂದಲೇ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಆದರೆ ಒತ್ತಿದ ಸ್ಪ್ರಿಂಗು ಬಿಟ್ಟ ಕೂಡಲೆ ಚಿಮ್ಮುತ್ತದೆ, ಮತ್ತೆ ಕುಗ್ಗುತ್ತದೆ, ಮತ್ತೆ ಚಿಮ್ಮುತ್ತದೆ. ಈ ಕುಣಿತವನ್ನು ಅಡಗಿಸುವುದು ಕೊಳವೆಯೊಳಗಿನ ಎಣ್ಣೆ. ರಾಡಿನ ತುದಿಯಲ್ಲಿ ಒಂದು ಪಿಸ್ಟನ್ ಇದೆ. ಅದರಲ್ಲಿ ಸಣ್ಣ ರಂಧ್ರಗಳು, ರಂಧ್ರಗಳ ಮೇಲೆ ಕಾಗದದಂಥ ತೆಳ್ಳನೆಯ ಉಕ್ಕಿನ ವಾಷರುಗಳು. ಚಕ್ರ ಏರಿಳಿದಾಗ ಪಿಸ್ಟನ್ನು ಎಣ್ಣೆಯಲ್ಲಿ ಆಡಬೇಕು, ಎಣ್ಣೆ ಆ ಕಿರಿದಾದ ದಾರಿಯಲ್ಲಿ ನುಸುಳಬೇಕು. ಹಾಗೆ ನುಸುಳುವಾಗ ನೆಗೆತದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕೆಲಸ ಮಾಡಿ ಬಂದ ಗಾಡಿಯ ಷಾಕನ್ನು ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಎರಡರಲ್ಲಿ ಒಂದು ಬಿಸಿಯಾಗಿ ಇನ್ನೊಂದು ತಣ್ಣಗೇ ಇದ್ದರೆ, ತಣ್ಣಗಿರುವುದರ ಮೇಲೆಯೇ ಮೊದಲ ಸಂಶಯ ಪಡತಕ್ಕದ್ದು.

ಎಣ್ಣೆಯೊಳಗೆ ಗಾಳಿ ಬೆರೆತರೆ ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿಯಿಲ್ಲ. ಆದುದರಿಂದ ಒಳ್ಳೆಯ ಷಾಕುಗಳಲ್ಲಿ ಎಣ್ಣೆಯನ್ನು ಸಾರಜನಕ ಅನಿಲದ ಒತ್ತಡದಲ್ಲಿ ಇಟ್ಟಿರುತ್ತಾರೆ. ಫ್ರಾನ್ಸಿನ ಡಿ ಕಾರ್ಬನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಬಳಕೆಗೆ ತಂದ ಉಪಾಯ ಇದು. ಕೆಲವುದರಲ್ಲಿ ಅನಿಲಕ್ಕೂ ಎಣ್ಣೆಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ. ನಮ್ಮ ಗಾಡಿಯಂಥವುಗಳಲ್ಲಿ ಎರಡೂ ಒಂದೇ ಕೊಳವೆಯಲ್ಲಿ, ಅನಿಲ ಮೇಲೆ, ಎಣ್ಣೆ ಕೆಳಗೆ.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಅಪಘಾತಕ್ಕೆ ಎಂಟು ದಿನ ಮೊದಲು ಗಾಡಿಯ ಹಿಂಭಾಗ ಕುಣಿಯುತ್ತದೆಂದು ದೂರು ಬಂದಿತ್ತು. ನಾನು ಹುಕ್ ಸ್ಪ್ಯಾನರ್ ತೆಗೆದುಕೊಂಡು, ಸ್ಪ್ರಿಂಗಿನ ಬುಡದಲ್ಲಿರುವ ಮೆಟ್ಟಿಲು ಮೆಟ್ಟಿಲಾದ ಕಾಲರನ್ನು ತಿರುಗಿಸಿ ಕಡೆಯ ಮೆಟ್ಟಿಲಿಗೆ ಏರಿಸಿದೆ. ಗಾಡಿ ಒಂದಿಷ್ಟು ಎತ್ತರವಾಗಿ, ಬಿಗಿಯಾಗಿ ನಿಂತಿತು. ಸರಿಹೋಯಿತೆಂದು ಭಾವಿಸಿದೆ. ವಾಸ್ತವವಾಗಿ ಎಣ್ಣೆ ಸೋರಿ ತಡೆಯುವ ಶಕ್ತಿ ಹೋಗಿದ್ದ ಷಾಕಿನಲ್ಲಿ ಸ್ಪ್ರಿಂಗನ್ನು ಇನ್ನಷ್ಟು ಒತ್ತಿ ಕೂರಿಸಿದ್ದೆ. ಹಗ್ಗ ಹರಿದ ಹೋರಿಗೆ ಇನ್ನಷ್ಟು ಹಿಂಡಿ ತಿನ್ನಿಸಿದಂತೆ. ಇಳಿಜಾರಿನಲ್ಲಿ ಒಂದು ಬೇರು ದಾಟಿದ ಚಕ್ರ ನೆಲಕ್ಕೆ ಮರಳದೆ ಮೇಲಕ್ಕೆ ಚಿಮ್ಮಿತು. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕು ಹಾಕಿದರೆ ಫಲವೇನು? ಎಡಗಡೆಯದು ಮಾತ್ರ ಚಿಮ್ಮಿದ್ದರಿಂದ ಗಾಡಿ ಬಲಕ್ಕೆ ಮಗುಚಿತು.

ದೋಷ ಯಾವುದೆಂದು ತಿಳಿಯುವ ಬಗೆ

ಗಾಡಿ ನಡೆಸುವವನನ್ನು ಮೊದಲು ಕೇಳಿ, ಸ್ಪ್ಯಾನರನ್ನು ಆಮೇಲೆ ಹುಡುಕಿ. 'ತಗ್ಗಿ ಕೂತಿದೆ' ಎಂಬುದು ಒಂದು ರೋಗ, 'ಕುಣಿಯುತ್ತದೆ' ಎಂಬುದು ಬೇರೆ ರೋಗ, 'ಟಕ್ ಟಕ್ ಎನ್ನುತ್ತದೆ' ಎಂಬುದು ಮೂರನೆಯದು. ತಗ್ಗಿ ಕೂತಿದ್ದರೆ ಸ್ಪ್ರಿಂಗು ಸೋತಿದೆ ಅಥವಾ ಹೊರೆ ಹೆಚ್ಚಾಗಿದೆ. ಕುಣಿದರೆ ಎಣ್ಣೆಯ ಕಡೆ ನೋಡಬೇಕು. ಟಕ್ ಎಂದರೆ ಬಹುಮಟ್ಟಿಗೆ ಷಾಕಿನ ಕಣ್ಣಿನೊಳಗಿನ ರಬ್ಬರ್ ಬುಷ್ ಸವೆದಿರುತ್ತದೆ. ಅದು ಅಗ್ಗದ ದುರಸ್ತಿ. ಬುಷ್ ಹೋದದ್ದಕ್ಕೆ ಷಾಕನ್ನೇ ಬದಲಾಯಿಸಿದವರೂ ಇದ್ದಾರೆ.

ಟೈರಿನ ಗಾಳಿ ನೋಡದೆ ಮುಂದಕ್ಕೆ ಹೋಗಬಾರದು. ಎ.ಟಿ.ವಿ. ಟೈರಿಗೆ ಚದರ ಅಂಗುಲಕ್ಕೆ 5 ಪೌಂಡಿನ ಆಸುಪಾಸು ಸಾಕು. ಸರಿಯಾದ ಅಂಕಿ ಗಾಡಿಯ ಮೇಲಿನ ಚೀಟಿಯಲ್ಲಿರುತ್ತದೆ. ಪೇಟೆಯ ಪಂಪಿನಲ್ಲಿ ಜೀಪಿನ ಲೆಕ್ಕದಲ್ಲಿ 25 ಪೌಂಡು ತುಂಬಿಸಿಕೊಂಡು ಬಂದು ಷಾಕನ್ನು ಬೈದರೆ ನ್ಯಾಯವಲ್ಲ.

ಅನಂತರ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂಭಾಗವನ್ನು ಬಲವಾಗಿ ಅದುಮಿ ಥಟ್ಟನೆ ಬಿಡಿ. ಒಬ್ಬರ ಬಲ ಸಾಲದಿದ್ದರೆ ಇಬ್ಬರು ಅದುಮಿ. ಆರೋಗ್ಯದ ಷಾಕು ಒಮ್ಮೆ ಏರಿ ನಿಲ್ಲುತ್ತದೆ. ಎರಡು ಮೂರು ಸಲ ತೂಗಿದರೆ ತಡೆ ಹೋಗಿದೆಯೆಂದೇ ತಿಳಿಯಿರಿ. ಎಡ ಬಲ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಚಕ್ರದ ನಡುಗುಂಬದಿಂದ ಕ್ಯಾರಿಯರಿನ ಅಂಚಿಗೆ ಟೇಪು ಹಿಡಿದು ಎರಡು ಕಡೆಯ ಎತ್ತರ ಅಳೆದು ಬರೆದಿಡಿ. ನಮ್ಮ ಗಾಡಿಯಲ್ಲಿ ಎರಡೂ ಎತ್ತರ ಸಮನಾಗಿದ್ದವು. ಎಡಗಡೆ ಮಾತ್ರ ತೂಗಾಡುತ್ತಿತ್ತು. ಈ ಒಂದು ಪರೀಕ್ಷೆಯನ್ನು ಅಂದು ಮಾಡಿದ್ದರೆ ಕಾಲರನ್ನು ನಾನು ಮುಟ್ಟುತ್ತಲೇ ಇರಲಿಲ್ಲ.

ಎಣ್ಣೆ ಸೋರಿಕೆಯನ್ನು ನೋಡುವಾಗ ಕೆಸರು ಮೆತ್ತಿದ ಷಾಕನ್ನು ನೋಡಿ ತೀರ್ಮಾನಿಸಬೇಡಿ. ಬಟ್ಟೆಯಿಂದ ಒರೆಸಿ, ಒಂದು ದಿನ ಕೆಲಸಕ್ಕೆ ಬಿಟ್ಟು, ಮತ್ತೆ ನೋಡಿ. ರಾಡಿನ ಮೇಲೆ ತೆಳ್ಳಗೆ ಎಣ್ಣೆಯ ಪಸೆ ಇರುವುದು ಸಹಜ. ಕೊಳವೆಯ ಮೇಲೆ ಎಣ್ಣೆ ಇಳಿದು ಧೂಳು ಹಿಟ್ಟಿನಂತೆ ಕಲಸಿಕೊಂಡಿದ್ದರೆ ಸೀಲು ಹೋಗಿದೆ.

ಉಗಾರ ಖುರ್ದದಲ್ಲಿ ಕಲಿತದ್ದು

ಷಾಕನ್ನು ನೋಡಿದ ಇಲ್ಲಿನ ಗ್ಯಾರೇಜಿನವರು ಹೊಸ ಜೊತೆಯನ್ನೇ ತರಿಸಬೇಕೆಂದರು. ಹೇಳಿದ ಬೆಲೆ ಕೇಳಿ ಗಾಡಿಯನ್ನು ಮಾರಿಬಿಡೋಣವೆಂಬ ಮಾತೂ ಮಂಡಳಿಯಲ್ಲಿ ಬಂತು. ಈ ನಡುವೆ ಬೆಳಗಾವಿ ಜಿಲ್ಲೆಯ ಉಗಾರ ಖುರ್ದದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ಶುಭಕಾರ್ಯವಿತ್ತು. ಭಾವ ಫೋನಿನಲ್ಲಿ, "ನಮ್ಮೂರ ಮಿಸ್ತ್ರಿ ಬೈಕಿನ ಷಾಕು ಬಿಚ್ಚಿ ಕಟ್ತಾರ, ಬರೂಮುಂದ ಜೋಡೀನ ತರ್ರಿ" ಎಂದರು. ಎರಡನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಳಗಾವಿಗೆ ಹೋಗಿ, ಅಲ್ಲಿಂದ ಮೀರಜ್ ಕಡೆಯ ರೈಲು ಹಿಡಿದು ಇಳಿದೆ.

ನಮ್ಮ ಮಲೆನಾಡಿಗೂ ಆ ಊರಿಗೂ ಹೋಲಿಕೆಯೇ ಇಲ್ಲ. ಕೃಷ್ಣೆಯ ದಂಡೆಯ ಕಪ್ಪು ಮಣ್ಣು, ಕಣ್ಣು ಹರಿಸಿದಷ್ಟು ದೂರ ಕಬ್ಬು, 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆ. ಆದರೆ ಷಾಕಿನ ಕಷ್ಟ ಎರಡು ಕಡೆಯೂ ಒಂದೇ. ಕಬ್ಬಿನ ಟ್ರೇಲರುಗಳು ಹೊಲದ ದಾರಿಯಲ್ಲಿ ಮೊಣಕಾಲುದ್ದ ಚಕ್ರದ ಗುಂಡಿ ತೋಡಿಬಿಡುತ್ತವೆ. ಅದೇ ದಾರಿಯಲ್ಲಿ ಜನ ಬೈಕಿನ ಹಿಂದೆ ಹಾಲಿನ ಕ್ಯಾನು, ಮೇವಿನ ಹೊರೆ ಕಟ್ಟಿಕೊಂಡು ಓಡಾಡುತ್ತಾರೆ. ಆದಕಾರಣ ಷಾಕನ್ನು ಬಿಚ್ಚಿ ಕಟ್ಟುವ ಕೈ ಅಲ್ಲಿ ಪಳಗಿದೆ.

ಮಿಸ್ತ್ರಿಯವರಿಗೆ ಅರವತ್ತರ ವಯಸ್ಸು. ನಾನು ಚೀಲದಿಂದ ಷಾಕು ತೆಗೆದು ರಾಡನ್ನು ಒತ್ತಿ ತೋರಿಸಹೋದರೆ ತಡೆದರು. "ಸಾಹೇಬ್ರ, ಇದನ್ನ ರಾತ್ರಿಯೆಲ್ಲಾ ಅಡ್ಡ ಮಲಗಿಸಿ ತಂದೀರಿ. ಇನ್ನೂ ನಿದ್ದಿಗಣ್ಣಾಗ ಐತಿ. ಮೊದಲ ನೆಟ್ಟಗ ನಿಂದ್ರಸೂಣು" ಎಂದರು. ಮಲಗಿಸಿದ ಷಾಕಿನಲ್ಲಿ ಅನಿಲವು ಎಣ್ಣೆಯ ಜಾಗಕ್ಕೆ ಸೇರಿಕೊಳ್ಳುತ್ತದೆ. ಆಗ ಒಳ್ಳೆಯ ಷಾಕೂ ಕೆಟ್ಟದ್ದರಂತೆ ತೋರುತ್ತದೆ. ಗಾಡಿಯಲ್ಲಿ ಇರುವಂತೆ ರಾಡನ್ನು ಕೆಳಮುಖ ಮಾಡಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಐದಾರು ಸಲ ನಿಧಾನವಾಗಿ ಆಡಿಸಿದ ಮೇಲಷ್ಟೇ ಪರೀಕ್ಷಿಸಬೇಕು.

ಸ್ಪ್ರಿಂಗು ತೆಗೆಯುವ ಕೆಲಸವನ್ನು ಮಾತ್ರ ಯಾರೂ ಹುಡುಗಾಟಿಕೆಯಿಂದ ಮಾಡಬಾರದು. ಒತ್ತಿ ಕೂರಿಸಿದ ಸ್ಪ್ರಿಂಗು ತಪ್ಪಿಸಿಕೊಂಡರೆ ಮುಖ ಒಡೆಯುವಷ್ಟು ಬಲ ಅದರಲ್ಲಿದೆ. ಅವರು ಎರಡು ದಪ್ಪ ತಗಡು, ಎರಡು ಮರೆ ಹಾಕಿದ ಸರಳು ಕೂಡಿಸಿ ತಾವೇ ಒಂದು ಒತ್ತುಯಂತ್ರ ಮಾಡಿಕೊಂಡಿದ್ದಾರೆ. ಮೊದಲು ಕಾಲರನ್ನು ಅತಿ ಕೆಳಗಿನ ಮೆಟ್ಟಿಲಿಗೆ ಇಳಿಸಿ, ಸ್ಪ್ರಿಂಗನ್ನು ಸಮನಾಗಿ ಒತ್ತಿ, ಮೇಲಿನ ಬಿಲ್ಲೆಯನ್ನು ಪಕ್ಕದಿಂದ ಎಳೆದರು, ಎದುರಿಗೆ ನಿಂತಲ್ಲ. ಹಗ್ಗ ಕಟ್ಟಿ ಬಿಚ್ಚುವ ಸಾಹಸ ಬೇಡ.

ಬರಿಯ ಕೊಳವೆ ಕೈಗೆ ಬಂದಾಗ ರೋಗ ಬಯಲಾಯಿತು. ಬಲಗಡೆಯದರ ರಾಡನ್ನು ಒತ್ತಿದರೆ ಜೇನಿನಲ್ಲಿ ಕೋಲಾಡಿಸಿದಂತೆ ಎಡೆಬಿಡದ ತಡೆ. ಬಿಟ್ಟರೆ ಅನಿಲದ ಒತ್ತಡದಿಂದ ರಾಡು ತಾನಾಗಿ ಮೆಲ್ಲಗೆ ಹೊರಬರುತ್ತಿತ್ತು. ಎಡಗಡೆಯದು ಒತ್ತಿದಲ್ಲೇ ನಿಂತಿತು. ಎಳೆದರೆ ಮೊದಲ ಎರಡು ಅಂಗುಲ ಖಾಲಿ, ಆಮೇಲೆ ಒಮ್ಮೆಲೆ ಹಿಡಿತ. ಮಿಸ್ತ್ರಿಯವರು ಅದನ್ನು ನನ್ನ ಕೈಗೆ ಕೊಟ್ಟು ಆಡಿಸಲು ಹೇಳಿ, "ಸ್ಪ್ರಿಂಗು ಭಾರ ಹೊರತೈತ್ರಿ, ಎಣ್ಣಿ ಕುಣಿಯೂದನ್ನ ನಿಂದ್ರಸತೈತಿ. ಎಣ್ಣಿ ಸತ್ತಿದ್ದಕ್ಕ ನೀವು ಸ್ಪ್ರಿಂಗಿಗೆ ಬಡದೀರಿ" ಎಂದರು. ಕಾಲರು ಕಡೆಯ ಮೆಟ್ಟಿಲಲ್ಲಿ ಇದ್ದದ್ದನ್ನು ಅವರು ಬಿಚ್ಚುವಾಗಲೇ ಗಮನಿಸಿದ್ದರು.

ಬಿಚ್ಚಿ ಕಟ್ಟಲು ಬರುವ ಷಾಕು ಯಾವುದು, ಬಾರದ್ದು ಯಾವುದು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ರಾಡು ಹೊರಬರುವ ಬಾಯಿಯಲ್ಲಿ ಸರ್ಕ್ಲಿಪ್ ಅಥವಾ ಮರೆಯ ಮುಚ್ಚಳ ಇದ್ದು, ಅನಿಲಕ್ಕೆ ವಾಲ್ವು ಇದ್ದರೆ ಬಿಚ್ಚಬಹುದು. ಬಾಯಿಯನ್ನು ಒಳಕ್ಕೆ ಮಡಚಿ ಒತ್ತಿಬಿಟ್ಟಿದ್ದರೆ ಅದನ್ನು ಬಿಚ್ಚುವ ಉದ್ದೇಶದಿಂದ ಮಾಡಿಲ್ಲ, ಹೊಸದೇ ಗತಿ. ಅಂಥದನ್ನು ಕೊಯ್ದು ಬೆಸುಗೆ ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ಒಳಗೆ ಎಣ್ಣೆ ಮತ್ತು ಒತ್ತಡದ ಅನಿಲ ಇರುವ ಕೊಳವೆಗೆ ಬೆಂಕಿ ತೋರಿಸುವುದು ಪ್ರಾಣಕ್ಕೆ ಅಪಾಯ. ವಾಲ್ವು ಇರುವುದರಲ್ಲೂ ಅನಿಲವನ್ನು ಪೂರ್ತಿ ಬಿಡದೆ ಬಾಯಿ ತೆರೆಯಕೂಡದು. ಅಲ್ಲಿನ ಒತ್ತಡ ಸಾಮಾನ್ಯವಾಗಿ 100 ಪೌಂಡಿನ ಮೇಲೆ, ಎಂದರೆ ಎ.ಟಿ.ವಿ. ಟೈರಿನ ಇಪ್ಪತ್ತು ಪಟ್ಟು. ಕಣ್ಣಿಗೆ ಕನ್ನಡಕ ಹಾಕಿ, ವಾಲ್ವಿನ ಬಾಯನ್ನು ಗೋಡೆಯ ಕಡೆ ತಿರುಗಿಸಿ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

ಬಲಗಡೆಯದರಿಂದ ಬಂದ ಎಣ್ಣೆ ಕಂದಾಗಿದ್ದರೂ ತಿಳಿಯಾಗಿತ್ತು. ಎಡಗಡೆಯದರಿಂದ ಬಂದದ್ದು ಅದರ ಅರ್ಧದಷ್ಟೂ ಇರಲಿಲ್ಲ. ಬೂದಿ ಬಣ್ಣ, ನಡುವೆ ಹಾಲಿನಂಥ ಗೆರೆಗಳು. ಹಾಲುಬಣ್ಣ ಬಂದರೆ ನೀರು ಸೇರಿದೆಯೆಂದು ಅರ್ಥ. ಎಲ್ಲಿಂದ ಸೇರಿತು? ರಾಡನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಸವರಿದರು, ನನ್ನ ಕೈಯಲ್ಲೂ ಸವರಿಸಿದರು. ಹೊಳೆಯುವ ಕ್ರೋಮಿನ ಮೇಲೆ ಸೂಜಿಮೊನೆಯಂಥ ಗುಳಿಗಳು ಉಗುರಿಗೆ ತಾಗಿದವು. ಆ ಗುಳಿಗಳು ಗರಗಸದಂತೆ ಸೀಲಿನ ತುಟಿಯನ್ನು ಕೊಯ್ದಿದ್ದವು.

ಗುಳಿ ಬಿದ್ದದ್ದೇಕೆಂದು ಮಿಸ್ತ್ರಿಯವರಿಗೆ ತಿಳಿಯಲಿಲ್ಲ. ಅವರ ಕಡೆಯ ಬೈಕುಗಳಲ್ಲಿ ರಾಡು ಧೂಳಿನಿಂದ ಉದ್ದಕ್ಕೆ ಗೀರುಬೀಳುತ್ತದೆ, ಹೀಗೆ ಕಚ್ಚಿದಂತೆ ಆಗುವುದಿಲ್ಲವಂತೆ. ಉತ್ತರ ನನಗೆ ಹೊಳೆಯಿತು, ನಿಮಗೂ ಹೊಳೆದಿರಬೇಕು. ಔಷಧಿ ಡ್ರಮ್ಮಿನ ನಲ್ಲಿ ಕ್ಯಾರಿಯರಿನ ಎಡಭಾಗದಲ್ಲಿದೆ, ಅದು ಯಾವಾಗಲೂ ತೊಟ್ಟಿಕ್ಕುತ್ತದೆ. ಮೈಸೂರು ಸಂಸ್ಥಾನದಲ್ಲಿ ಡಾ. ಕೋಲ್ಮನ್ನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸೂಚಿಸಿ ನೂರು ವರ್ಷ ದಾಟಿತು. 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಎಂಬುದು ನಮಗೆ ಬಾಯಿಪಾಠ. ದ್ರಾವಣ ಹದಕ್ಕೆ ಬಂದಿದೆಯೇ ಎಂದು ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಆ ಕೆಂಪು ಎಂದರೆ ತಾಮ್ರ. ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಕತ್ತಿಯ ಮೇಲೆ ಕಣ್ಣಾರೆ ಕಾಣುವ ಈ ಕ್ರಿಯೆಯೇ ಕ್ರೋಮಿನ ಸಣ್ಣ ಬಿರುಕುಗಳ ಮೂಲಕ ರಾಡಿನ ಉಕ್ಕಿನ ಮೇಲೂ ನಡೆದಿತ್ತು. ಬಲಗಡೆಯ ರಾಡು ಕನ್ನಡಿಯಂತೆ ಇತ್ತು.

ಮರುಜೋಡಣೆ

ಗುಳಿ ಬಿದ್ದ ರಾಡಿಗೆ ಹೊಸ ಸೀಲು ಹಾಕಿದರೆ ಅದೂ ಕೆಲವೇ ವಾರಗಳಲ್ಲಿ ಹರಿಯುತ್ತದೆ. ಆದ್ದರಿಂದ ರಾಡನ್ನು ಉಜ್ಜಿಸಿ ಹೊಸದಾಗಿ ಗಟ್ಟಿ ಕ್ರೋಮ್ ಹಾಕಿಸಿದೆವು. ಸಂಬಂಧಿಕರ ಮನೆಯಲ್ಲಿ ನಾನು ಅಂದುಕೊಂಡದ್ದಕ್ಕಿಂತ ಒಂದು ವಾರ ಹೆಚ್ಚು ಉಳಿಯಬೇಕಾಯಿತು. ಸೀಲುಗಳು ಟ್ರ್ಯಾಕ್ಟರಿನ ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು. ಹಳೆಯ ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಂಕಿಗಳು ಅಚ್ಚಾಗಿರುತ್ತವೆ. ಹಳೆಯದನ್ನು ಬಿಸಾಡದೆ ಅಂಗಡಿಗೆ ಒಯ್ಯಿರಿ.

ಪಿಸ್ಟನ್ನಿನ ಮೇಲಿನ ತೆಳು ವಾಷರುಗಳ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. ಅವುಗಳ ಅಗಲ, ದಪ್ಪ ಒಂದೊಂದು ಬಗೆ. ಜೋಡಿಸಿದ ಕ್ರಮದಲ್ಲಿಯೇ ತಡೆಯ ಪ್ರಮಾಣ ಅಡಗಿದೆ. ಮಿಸ್ತ್ರಿಯವರು ಬಿಚ್ಚಿದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ, ಹಾಗೇ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಹಾಗೇ ಮರಳಿ ಹಾಕಿದರು. ಒರೆಸಲು ನೂಲಿನ ಕಸವನ್ನು ಬಳಸಲಿಲ್ಲ, ಏಕೆಂದರೆ ಒಂದು ಎಳೆ ಉಳಿದರೂ ವಾಷರಿನಡಿ ಸಿಕ್ಕಿಕೊಂಡು ಎಣ್ಣೆ ನುಸುಳಲು ದಾರಿಯಾಗುತ್ತದೆ. ಸೀಲು ತೂರಿಸುವಾಗ ರಾಡಿನ ಮರೆಯ ತುದಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿ, ಎಣ್ಣೆ ಸವರಿ ಜಾರಿಸಿದರು. ಮರೆಯ ಅಂಚು ತಾಗಿ ಹೊಸ ಸೀಲು ಕೂರುವ ಮೊದಲೇ ಹರಿಯುವುದು ಸಾಮಾನ್ಯವಂತೆ.

ಷಾಕಿಗೆಂದೇ ಮಾಡಿದ ಎಣ್ಣೆಯನ್ನು, ತಯಾರಕರು ಹೇಳಿದ ದರ್ಜೆಯದನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ನೊರೆಯೇಳುತ್ತದೆ. ಬ್ರೇಕ್ ಆಯಿಲ್ ಈ ಸೀಲುಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಪ್ರಮಾಣದ ಬಗ್ಗೆ ಇನ್ನೂ ಮುಖ್ಯವಾದ ಮಾತಿದೆ. ಎಣ್ಣೆ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂದು ನಾನು ಕೇಳಿದೆ. ಅವರು ಕಂಠದವರೆಗೆ ನೀರು ತುಂಬಿದ ತಂಬಿಗೆಗೆ ಬೆರಳು ಅದ್ದಿ ತೋರಿಸಿದರು; ನೀರು ಚೆಲ್ಲಿತು. ರಾಡು ಒಳಗೆ ಹೋದಷ್ಟೂ ಅದಕ್ಕೆ ಜಾಗ ಬೇಕು. ಎಣ್ಣೆ ಕುಗ್ಗುವ ವಸ್ತುವಲ್ಲ, ಕುಗ್ಗುವುದು ಅನಿಲ ಮಾತ್ರ. ತುಂಬ ತುಂಬಿದರೆ ಮೊದಲ ಗುಂಡಿಯಲ್ಲೇ ಸೀಲು ಹಾರುತ್ತದೆ. ಸರ್ವಿಸ್ ಪುಸ್ತಕದ ಅಳತೆಯನ್ನು ನೋಡಿ, ಬಲಗಡೆಯದರಿಂದ ತೆಗೆದ ಎಣ್ಣೆಯನ್ನು ಅಳೆದು ತಾಳೆಮಾಡಿ, ಎರಡಕ್ಕೂ ಒಂದೇ ಪ್ರಮಾಣ ಹಾಕಿದರು. ಆಮೇಲೆ ಪಿಸ್ಟನ್ನನ್ನು ನಿಧಾನವಾಗಿ ಏರಿಳಿಸುತ್ತ ಗುಳ್ಳೆಗಳು ನಿಲ್ಲುವವರೆಗೆ ಕಾದರು. ಅವಸರ ಮಾಡಿದರೆ ಗುಳ್ಳೆ ಒಳಗೇ ಉಳಿಯುತ್ತದೆ.

ಸಾರಜನಕ ತುಂಬುವುದನ್ನು ಮಿಸ್ತ್ರಿಯವರು ತಾವು ಮಾಡಲಿಲ್ಲ. ಅದಕ್ಕೆ ಒತ್ತಡ ಮಾಪಕವಿರುವ ಸಿಲಿಂಡರು ಬೇಕೆಂದು ಪಟ್ಟಣದ ಕಾರ್ಯಾಗಾರಕ್ಕೆ ಕಳಿಸಿದರು. ತಮ್ಮಲ್ಲಿಲ್ಲದ ಸಾಧನದ ಕೆಲಸವನ್ನು ಇಲ್ಲವೆಂದು ಹೇಳುವ ಕಸುಬುದಾರರನ್ನು ನಾನು ನಂಬುತ್ತೇನೆ. ಸೈಕಲ್ ಪಂಪಿನ ಗಾಳಿ ಆಗದು: ಅದರಲ್ಲಿ ತೇವವಿದೆ, ಎಣ್ಣೆಯನ್ನು ಕೆಡಿಸುವ ಆಮ್ಲಜನಕವೂ ಇದೆ. ಒಟ್ಟು ಖರ್ಚು, ಕ್ರೋಮ್ ಸೇರಿ, ಹೊಸ ಜೊತೆಗೆ ಹೇಳಿದ್ದ ಬೆಲೆಯ ಐದನೇ ಒಂದು ಭಾಗವೂ ಆಗಲಿಲ್ಲ. ನನ್ನ ಪ್ರಯಾಣದ ವೆಚ್ಚವನ್ನು ಸಂಘದ ಲೆಕ್ಕಕ್ಕೆ ಹಾಕಿಲ್ಲ.

ಗಾಡಿಗೆ ಮರಳಿ ಕೂಡಿಸುವುದು ಸುಲಭದ ಕೆಲಸ. ಜಾಕಿನ ಮೇಲೆ ಮಾತ್ರ ನಂಬಿಕೆ ಇಡದೆ ಚಾಸಿಯ ಅಡಿಗೆ ಮರದ ದಿಮ್ಮಿ ಕೊಡಿ. ಬುಷ್ ಹೊಸದು ಹಾಕಿ. ಬೋಲ್ಟನ್ನು ಪೂರ್ತಿ ಬಿಗಿಮಾಡುವುದು ಚಕ್ರ ನೆಲಕ್ಕೆ ಇಳಿದು ಗಾಡಿ ತನ್ನ ಭಾರದಲ್ಲಿ ಕೂತ ಮೇಲೆ. ಮೊದಲೇ ಬಿಗಿದರೆ ಬುಷ್‌ನ ರಬ್ಬರು ತಿರುಚಿಕೊಂಡೇ ಇರುತ್ತದೆ. ಕಾಲರು ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಲಿ. ಈಗ ಕೆಳಗಿನಿಂದ ಎರಡನೆಯದರಲ್ಲಿದೆ. ಸಂಘಕ್ಕೆ ತಿಳಿಸದೆ ಯಾರೂ ಅದನ್ನು ತಿರುಗಿಸಬಾರದು, ನಾನೂ ಸೇರಿ.

ಗಾಡಿಯನ್ನು ತೊಳೆಯುವಾಗ ಕ್ಯಾರಿಯರಿನ ಕೆಳಗೆ ಅಂಟಿಸಿದ ಚೀಟಿಯೊಂದು ಕಣ್ಣಿಗೆ ಬಿತ್ತು: ಹಿಂದಿನ ಹೊರೆ ಹೆಚ್ಚೆಂದರೆ 80 ಕಿಲೊ. ನಾವು ಇಷ್ಟು ವರ್ಷ ಕಟ್ಟಿ ಕಳಿಸುತ್ತಿದ್ದುದು 100 ಲೀಟರಿನ ಡ್ರಮ್ಮು. ದ್ರಾವಣವೇ ಒಂದು ಕ್ವಿಂಟಲ್, ಡ್ರಮ್ಮಿನ ತೂಕ ಬೇರೆ. ಅರ್ಧ ಖಾಲಿಯಾದ ದೊಡ್ಡ ಡ್ರಮ್ಮು ಇನ್ನೂ ಕೆಟ್ಟದ್ದು, ಇಳಿಜಾರಿನಲ್ಲಿ ಒಳಗಿನ ದ್ರಾವಣವೆಲ್ಲ ಒಂದು ಬದಿಗೆ ನುಗ್ಗುತ್ತದೆ. ಇನ್ನು ಮುಂದೆ ಸಂಘದಿಂದ ಮುಚ್ಚಳ ಬಿಗಿಯಾದ 30 ಲೀಟರಿನ ಎರಡು ಕ್ಯಾನುಗಳನ್ನು ಕೊಡಲಾಗುವುದು, ಡ್ರಮ್ಮನ್ನಲ್ಲ. ಒಂದೆರಡು ಸುತ್ತು ಹೆಚ್ಚು ಓಡಿಸಬೇಕಾಗುತ್ತದೆಂಬ ಆಕ್ಷೇಪ ಆಗಲೇ ಬಂದಿದೆ. ಹೌದು, ಓಡಿಸಬೇಕಾಗುತ್ತದೆ.

ಬಾಡಿಗೆಗೆ ಒಯ್ದವರು ಸಂಜೆ ಗಾಡಿ ಒಪ್ಪಿಸುವ ಮುನ್ನ ಎರಡೂ ರಾಡುಗಳ ಮೇಲೆ ಒಂದು ಬಕೆಟ್ ಒಳ್ಳೆಯ ನೀರು ಹೊಯ್ದು, ಬಟ್ಟೆಯಿಂದ ಒರೆಸಿಕೊಡಬೇಕು. ಒತ್ತಡದ ಪಂಪಿನ ನೀರನ್ನು ಸೀಲಿನ ಬಾಯಿಗೆ ಹಿಡಿಯಬಾರದು.

ಅಪಘಾತದ ನನ್ನ ವರದಿಯನ್ನು ಹಿಂತೆಗೆದುಕೊಂಡು ಹೊಸ ವರದಿ ಸಲ್ಲಿಸಿದ್ದೇನೆ. ಆಸ್ಪತ್ರೆಯ ಉಳಿದ ಖರ್ಚು ಮತ್ತು ಕೆಲಸ ತಪ್ಪಿದ ದಿನಗಳ ಕೂಲಿಯ ವಿಷಯ ಬರುವ ಮಂಡಳಿ ಸಭೆಯ ಮೊದಲನೆಯ ವಿಷಯವಾಗಿದೆ. ಹುಡುಗನ ಮನೆಗೆ ಹೋಗಿ ವಿಷಯ ತಿಳಿಸಿ ಬಂದೆ. ಹೆಗಲು ಕೂಡಿಕೊಂಡಿದೆ, ಆದರೆ ಮರ ಹತ್ತಲು ಇನ್ನೂ ಆಗುತ್ತಿಲ್ಲ. ಷಾಕು ದುರಸ್ತಿಯಾದ ಮೇಲೆ ಗಾಡಿಯನ್ನು ಅದೇ ಹಳ್ಳದ ಇಳಿಜಾರಿನಲ್ಲಿ ಖಾಲಿಯಾಗಿ ಒಮ್ಮೆ, ಎರಡು ಕ್ಯಾನು ಕಟ್ಟಿ ಒಮ್ಮೆ ಇಳಿಸಿ ನೋಡಿದವನು ಅವನೇ. ಈ ಸಲ ನಾನು ಪಕ್ಕದಲ್ಲಿ ನಡೆದುಕೊಂಡು ಹಿಂದಿನ ಚಕ್ರವನ್ನೇ ನೋಡುತ್ತಿದ್ದೆ.

— ಕಾರ್ಯದರ್ಶಿ